ನಿಮಗಿದು ಗೊತ್ತೆ? ಕಾರಿನ ಮುಂದೆ ಓಡಿದ ಹಲ್ಲಿ

ಹಲ್ಲಿ ಎಂದರೆ ಗೋಡೆಗೆ ಅಂಟಿಕೊಂಡು ಲೊಚಗುಟ್ಟುವ ಪ್ರಾಣಿ ಎಂದಷ್ಟೇ ತಿಳಿದವರು ಅಮೆರಿಕದ ‘ಸಿಕ್ಸ್-ಲೈನ್ಡ್ ರೇಸ್‌ರನ್ನರ್’ನ ಓಟವನ್ನು ನೋಡಬೇಕು. 1941ರಲ್ಲಿ ದಕ್ಷಿಣ ಕೆರೊಲಿನಾದ ಮೆಕಾರ್ಮಿಕ್ ಬಳಿ ಕಾರೊಂದು ಬೆನ್ನಟ್ಟಿದಾಗ ಇದು ಗಂಟೆಗೆ 29 ಕಿ.ಮೀ. ವೇಗದಲ್ಲಿ ಓಡಿತ್ತು! ನೆಲದ ಮೇಲೆ ಓಡುವ ಸರೀಸೃಪಗಳಲ್ಲಿ ಬಹುಕಾಲ ಇದೇ ದಾಖಲೆ. ಆಮೇಲೆ ಮಧ್ಯ ಅಮೆರಿಕದ ಮುಳ್ಳುಬಾಲದ ಇಗ್ವಾನಾ ಎಂಬ ಹಲ್ಲಿ ಅದನ್ನು ಮುರಿಯಿತು. ಆದರೆ ಇಗ್ವಾನಾದ್ದು ದೊಡ್ಡ ದೇಹ. ರೇಸ್‌ರನ್ನರ್ ಬಾಲ ಸೇರಿಸಿದರೂ ಹೆಚ್ಚೆಂದರೆ ಒಂದು ಗೇಣು, ಅದರಲ್ಲೂ ಮೂರರಲ್ಲಿ ಎರಡು ಭಾಗದಷ್ಟು ಬಾಲವೇ. ಹಾಗಾಗಿ ಈ ಪುಟ್ಟ ಜೀವಿಯ ಓಟವೇ ಹೆಚ್ಚು ಬೆರಗಿನದು.

ಮೈಮೇಲೆ ಉದ್ದಕ್ಕೆ ಎಳೆದಂತಿರುವ ಆರು ತಿಳಿಹಳದಿ ಗೆರೆಗಳಿಂದ ಇದಕ್ಕೆ ಆ ಹೆಸರು. 1766ರಲ್ಲಿ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ಲ್ಯಾಟಿನ್ ಹೆಸರಿಗೂ ‘ಆರು ಗೆರೆಯದು’ ಎಂದೇ ಅರ್ಥ.

ಮರಳುನೆಲ, ಬಯಲು, ಸುಡುಬಿಸಿಲು ಇದಕ್ಕೆ ಬಲು ಇಷ್ಟ. ಉಳಿದ ಹಲ್ಲಿಗಳು ನೆರಳು ಹುಡುಕುವ ಹೊತ್ತಿನಲ್ಲೂ ಇದು ಕೀಟ, ಜೇಡಗಳ ಬೇಟೆಯಲ್ಲಿರುತ್ತದೆ. ಮೋಡ ಮುಸುಕಿದ ದಿನ ಬಿಲದಿಂದ ಹೊರಬರುವುದೇ ಅಪರೂಪ. ಓಡಿಯೂ ತಪ್ಪಿಸಿಕೊಳ್ಳಲಾಗದೆ ಬಾಲ ಶತ್ರುವಿನ ಬಾಯಿಗೆ ಸಿಕ್ಕರೆ, ಅದನ್ನಲ್ಲೇ ಕಳಚಿ ಪಾರಾಗುತ್ತದೆ. ಬಾಲ ಮತ್ತೆ ಬೆಳೆಯುತ್ತದೆ.