‘ರಕ್ತ ತೆಳು ಮಾಡೋ ಮಾತ್ರೆ’ ರಕ್ತವನ್ನು ತೆಳು ಮಾಡುವುದೇ ಇಲ್ಲ!

2025ರ ಜೂನ್-ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಕೋವಿಡ್ ಲಸಿಕೆಯೇ ಕಾರಣ ಅಂತ ರಾಜಕೀಯ ಜಗಳವೂ ಶುರುವಾಯಿತು. ಲಸಿಕೆಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಹೇಳಿತು. ಆ ಗದ್ದಲದಲ್ಲಿ ಗೆಳೆಯರು ನನ್ನನ್ನು ಕೇಳಿದ್ದು ಒಂದೇ: “ಮುಂಜಾಗ್ರತೆಗೆ ರಕ್ತ ತೆಳು ಮಾಡೋ ಮಾತ್ರೆ ತಗೋಬಹುದಲ್ವಾ?”

ಬೇಡ. ಯಾಕಂದ್ರೆ ಆ ಹೆಸರೇ ದಾರಿ ತಪ್ಪಿಸುತ್ತೆ. ಈ ಔಷಧಿಗಳು ರಕ್ತವನ್ನು ನೀರು ಮಾಡುವುದಿಲ್ಲ.

ರಕ್ತನಾಳಕ್ಕೆ ಗಾಯವಾದಾಗ ಎರಡು ಕೆಲಸ ನಡೆಯುತ್ತವೆ. ಪ್ಲೇಟ್‌ಲೆಟ್‌ಗಳು ಓಡಿಬಂದು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಅವುಗಳ ಮೇಲೆ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಆಸ್ಪಿರಿನ್ ತಡೆಯುವುದು ಮೊದಲನೆಯದನ್ನು. ಹೆಪಾರಿನ್, ವಾರ್ಫರಿನ್ ತಡೆಯುವುದು ಎರಡನೆಯದನ್ನು. ಆಗಲೇ ಆಗಿರುವ ಹೆಪ್ಪನ್ನು ಇವು ಯಾವುವೂ ನೇರವಾಗಿ ಕರಗಿಸುವುದಿಲ್ಲ. ಅದಕ್ಕೆ ಟೆನೆಕ್ಟೆಪ್ಲೇಸ್‌ನಂಥ ಬೇರೆಯೇ ಇಂಜೆಕ್ಷನ್ ಬೇಕು. ನಮ್ಮ ‘ಹೃದಯಜ್ಯೋತಿ’ ಯೋಜನೆಯಲ್ಲಿ ಕೊಡುವುದು ಇದನ್ನೇ.

ಅತಿ ಸಣ್ಣ ನಾಳಗಳ ಕತೆ ಇನ್ನೂ ಜಟಿಲ. ಲೋಮನಾಳದ ಅಗಲ 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣವೇ 7-8 ಮೈಕ್ರೋಮೀಟರ್. ಕಣಗಳು ಮೈ ಬಾಗಿಸಿಕೊಂಡು ನುಸುಳಬೇಕು. ಅಲ್ಲಿ ಚಿಕ್ಕದೊಂದು ಗುಂಪು ಸಿಕ್ಕಿಕೊಂಡರೂ ದಾರಿ ಬಂದ್. ಕೋವಿಡ್‌ನಿಂದ ಸತ್ತವರ ಶ್ವಾಸಕೋಶದಲ್ಲಿ ಕಂಡದ್ದು ಇಂಥ ಸೂಕ್ಷ್ಮ ಹೆಪ್ಪುಗಳು. ಹಾಗಾದ್ರೆ ಹೆಪಾರಿನ್ ಜಾಸ್ತಿ ಕೊಟ್ಟರೆ ಸಾಕಲ್ವಾ? 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳ ಉತ್ತರ ಅಷ್ಟು ಸರಳವಾಗಿರಲಿಲ್ಲ. ಪೂರ್ಣ ಪ್ರಮಾಣದ ಹೆಪಾರಿನ್ ಆಸ್ಪತ್ರೆಯಲ್ಲಿದ್ದ ಮಧ್ಯಮ ಹಂತದ ರೋಗಿಗಳಿಗೆ ನೆರವಾಯಿತು, ಐಸಿಯು ಹಂತ ತಲುಪಿದವರಿಗೆ ಆಗಲಿಲ್ಲ. ನಾಳದ ಗೋಡೆಯೇ ಉರಿಯೂತದಿಂದ ಹಾಳಾದ ಮೇಲೆ ಬಲೆಯನ್ನಷ್ಟೇ ತಡೆದು ಪ್ರಯೋಜನವಿಲ್ಲ ಎಂಬುದು ಅದಕ್ಕೊಂದು ವಿವರಣೆ.

ಔಷಧಿಯೇ ತಿರುಗಿಬೀಳುವುದೂ ಉಂಟು. ಕೆಲವರ ದೇಹ ಹೆಪಾರಿನ್‌ಗೆ ಪ್ರತಿಕಾಯ ತಯಾರಿಸಿ, ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಹೊಸ ಹೆಪ್ಪು ಕಟ್ಟಿಸುತ್ತದೆ. ವಾರ್ಫರಿನ್ ಶುರುವಿನ ದಿನಗಳಲ್ಲಿ, ಹೆಪ್ಪು ತಡೆಯುವ ಪ್ರೋಟೀನ್-ಸಿ ಮೊದಲು ಇಳಿಯುವುದರಿಂದ, ಅಪರೂಪಕ್ಕೆ ಚರ್ಮದ ಸಣ್ಣ ನಾಳಗಳೇ ಕಟ್ಟಿ ಚರ್ಮ ಸಾಯುತ್ತದೆ. ಅದಕ್ಕೇ ಹೆಪ್ಪುಗಟ್ಟಿದ ರೋಗಿಗಳಿಗೆ ಮೊದಲ ಕೆಲವು ದಿನ ಹೆಪಾರಿನ್ ಜೊತೆಗೇ ಕೊಡುತ್ತಾರೆ. ಇಂಥದ್ದನ್ನು ವಾಟ್ಸಾಪ್ ನೋಡಿ ನುಂಗೋಕಾಗುತ್ತಾ?

ಈಗ ರಾಜಕೀಯಕ್ಕೆ ಬರೋಣ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ವಾರ್ಫರಿನ್ ಅಥವಾ ಅದೇ ಗುಂಪಿನ ಮಾತ್ರೆ ತಗೋಬೇಕು. ಡೋಸ್ ಕಮ್ಮಿಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ವಿಟಮಿನ್-ಕೆ ಕೂಡ ಲೆಕ್ಕ ತಪ್ಪಿಸುತ್ತೆ. ಹಾಗಾಗಿ ಐಎನ್‌ಆರ್ ರಕ್ತಪರೀಕ್ಷೆ ಪದೇ ಪದೇ ಆಗಲೇಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದವರು ಎಷ್ಟು ಸಲ ಹೋದಾರು?

ಲಸಿಕೆ ಯಾರ ತಪ್ಪು ಅಂತ ಟಿವಿಯಲ್ಲಿ ಕಿರುಚಾಡಿದವರನ್ನು ನಾವು ಕೇಳಬೇಕಾದ ಪ್ರಶ್ನೆ ಇದು: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಐಎನ್‌ಆರ್ ಪರೀಕ್ಷೆ ಉಚಿತವಾಗಿ, ಅವತ್ತೇ ಸಿಗುತ್ತಾ?