ಫೋನಿನಲ್ಲಿ ಸಲಹೆ ಕೇಳುವಾಗ ಏನೇನು ಹೇಳಬೇಕು?



ಸಾಲ ಮಾಡಿ ಎಮ್ಮೆ ಕಟ್ಟಿದ ಮೊದಲ ವರ್ಷವೇ ಕಷ್ಟದ ವರ್ಷ. ಕಂತು ತಿಂಗಳಿಗೆ ಸರಿಯಾಗಿ ಬರುತ್ತದೆ, ಹಾಲು ಮಾತ್ರ ಲೆಕ್ಕದಂತೆ ಬರುವುದಿಲ್ಲ. ಎರಡು ಎಮ್ಮೆ, ಒಂದು ಆಕಳು ಎಂದರೂ ಅದೊಂದು ವ್ಯಾಪಾರವೇ. ಪೇಟೆಯಲ್ಲಿ ಹೊಸ ಅಂಗಡಿ ಇಟ್ಟವರಿಗೆ ಪಕ್ಕದ ಅಂಗಡಿಯವರು ನಾಲ್ಕು ಮಾತು ಹೇಳಿಕೊಡುತ್ತಾರೆ. ಹೈನಕ್ಕೆ ಹೊಸದಾಗಿ ಬಂದ ನಿಮಗೆ ಯಾರು ಹೇಳಬೇಕು? ವಾಡಿಯಿಂದ ಚಿಂಚೋಳಿವರೆಗೆ ಊರುಗಳು ಬಹಳ, ವೈದ್ಯರು ಕಡಿಮೆ. ನಾನು ಒಂದು ಊರಿನಲ್ಲಿದ್ದಾಗ ಇನ್ನೊಂದು ಊರಿನಿಂದ ಫೋನು ಬರುತ್ತಿರುತ್ತದೆ. ಅದಕ್ಕೇ ನಮ್ಮ ಕಡೆ ಡೇರಿಗೊಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಒಬ್ಬರಿಗೆ ಕೊಟ್ಟ ಉತ್ತರ ಹತ್ತು ಮನೆಗೆ ಕೇಳಿಸುತ್ತದೆ. ಅದರ ಲಾಭ ನೋಡಿದ್ದೇನೆ, ಅದರಿಂದ ಆದ ನಷ್ಟವನ್ನೂ ನೋಡಿದ್ದೇನೆ. ಎರಡನ್ನೂ ಹೇಳುತ್ತೇನೆ.

ವಾಡಿ ಹತ್ತಿರದ ಒಬ್ಬ ತಾಯಿ ಮೇ ತಿಂಗಳಲ್ಲಿ ಗುಂಪಿನಲ್ಲಿ ಕೇಳಿದರು: "ಸರ್, ಎಮ್ಮೆ ಹಾಲು ಕಡಿಮೆ ಮಾಡಿದೆ, ಯಾವ ಔಷಧಿ ಕೊಡಬೇಕು?" ಅಷ್ಟೇ. ನಾನು ಉತ್ತರಿಸುವ ಮೊದಲೇ ಐದಾರು ಮಂದಿ ಔಷಧಿ ಹೇಳಿಬಿಟ್ಟಿದ್ದರು. ಒಬ್ಬರು ಬಾಟಲಿಯ ಫೋಟೋ ಹಾಕಿದ್ದರು, ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದಿದ್ದರು.

ನಾನು ತಿರುಗಿ ಪ್ರಶ್ನೆ ಹಾಕಿದೆ. ಕರು ಹಾಕಿ ಎಷ್ಟು ದಿನವಾಯಿತು? ನಾಲ್ಕು ತಿಂಗಳು. ಮೊದಲು ಎಷ್ಟು ಹಾಲಿತ್ತು, ಈಗೆಷ್ಟು? ದಿನಕ್ಕೆ 7 ಲೀಟರ್ ಇದ್ದದ್ದು 4ಕ್ಕೆ ಇಳಿದಿದೆ. ಜ್ವರ, ಕೆಚ್ಚಲು ಬಾವು ಇದೆಯೇ? ಇಲ್ಲ. ಮೇವು? ಜೋಳದ ಕಣಿಕೆ, ಜೊತೆಗೆ 1 ಕಿಲೋ ಹತ್ತಿ ಹಿಂಡಿ. ನೀರು? "ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಸರ್."

ಉತ್ತರ ಅಲ್ಲೇ ಇತ್ತು. ಎಮ್ಮೆ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ನಮ್ಮ ಬಿಸಿಲಿಗೆ ಹಾಲು ಕೊಡುವ ಎಮ್ಮೆಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ಕಾದ ಹಾಸುಬಂಡೆಯ ಮೇಲೆ ಕಟ್ಟಿದ ಎಮ್ಮೆಗೆ ಇನ್ನೂ ಹೆಚ್ಚು ಬೇಕಾಗಬಹುದು. ಕಣಿಕೆ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ಎಮ್ಮೆಯ ಮೈಗೆ ಒಂದೂವರೆ ಕಿಲೋ, ಮೇಲೆ ಪ್ರತಿ 2 ಲೀಟರ್ ಹಾಲಿಗೆ 1 ಕಿಲೋ ಪಶು ಆಹಾರ ಎಂಬುದು ನಾವು ಹೇಳುವ ಲೆಕ್ಕ. ಈ ಎಮ್ಮೆಗೆ 4 ಲೀಟರಿಗೇ ಮೂರೂವರೆ ಕಿಲೋ ಬೇಕಿತ್ತು. ದಿನಕ್ಕೆ ನಾಲ್ಕು ಸಲ ನೀರು, ಮಧ್ಯಾಹ್ನ ನೆರಳು, ಮೈಮೇಲೆ ನೀರು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಮತ್ತು ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಆಹಾರ ಏರಿಸಲು ಹೇಳಿದೆ. ಒಮ್ಮೆಲೇ ಏರಿಸಿದರೆ ಹೊಟ್ಟೆ ಕೆಡುತ್ತದೆ. ಮೂರು ವಾರದಲ್ಲಿ ಹಾಲು 6 ಲೀಟರಿಗೆ ಬಂತು. 7 ಆಗಲಿಲ್ಲ. ಒಮ್ಮೆ ಇಳಿದ ಹಾಲು ಆ ಸೂಲಿನಲ್ಲಿ ಪೂರ್ತಿ ಮರಳುವುದು ಅಪರೂಪ. ಔಷಧಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಇದನ್ನು ಓದಿದ ಹಲವರು ನೀರು ಹೆಚ್ಚಿಸಿದರು. ಅದು ಒಳ್ಳೆಯದೇ ಆಯಿತು. ಆದರೆ ಇನ್ನೊಂದು ಊರಿನ ಒಬ್ಬ ಅಕ್ಕ, "ನಮ್ಮ ಎಮ್ಮೆಗೂ ಹಾಗೇ ಆಗಿದೆ ಸರ್" ಎಂದು ಬರೆದರು. ನಾನು ಆಗ ಮೋಟಾರ್ ಸೈಕಲ್ ಮೇಲಿದ್ದೆ. ಗಾಡಿ ನಿಲ್ಲಿಸಿ, "ಮೇಲೆ ಹೇಳಿದಂತೆಯೇ ಮಾಡಿರಿ" ಎಂದು ಹಾಕಿ ಹೊರಟೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರು ನಾಲ್ಕು ದಿನ ನೀರು, ಹಿಂಡಿ ಹೆಚ್ಚಿಸಿ ಕಾದರು. ನಾನು ಹೋಗಿ ನೋಡುವಾಗ ಒಂದು ಮೊಲೆಯ ಭಾಗ ಕಲ್ಲಿನಂತಾಗಿತ್ತು, ಹಾಲಿನಲ್ಲಿ ಗಡ್ಡೆ ಬರುತ್ತಿತ್ತು. ಅದು ಕೆಚ್ಚಲು ಬಾವು. ಎಮ್ಮೆ ಉಳಿಯಿತು, ಆ ಒಂದು ಮೊಲೆ ಬತ್ತಿತು. ಸಾಲದ ಎಮ್ಮೆ ಅದು. ತಪ್ಪು ನನ್ನದು. ಅವರು ಏನೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು. ಅದು ಬೈದದ್ದಕ್ಕಿಂತ ಹೆಚ್ಚಾಗಿ ನನಗೆ ನಾಟಿತು.

ಆಮೇಲೆ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. "ನಮಗೂ ಹಾಗೇ" ಎಂಬ ಮಾತಿಗೆ ಉತ್ತರವಿಲ್ಲ. ನೀವು ಬರೆಯುವಾಗ, ಇಲ್ಲವೇ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸುವಾಗ, ಇಷ್ಟು ಹೇಳಿರಿ: ಆಕಳೋ ಎಮ್ಮೆಯೋ, ಎಷ್ಟನೇ ಸೂಲು, ಕರು ಹಾಕಿದ ದಿನ, ಗಬ್ಬವಿದ್ದರೆ ಎಷ್ಟು ತಿಂಗಳು, ನಿನ್ನೆಯ ಹಾಲು ಮತ್ತು ವಾರದ ಹಿಂದಿನ ಹಾಲು, ಏನೇನು ತಿನ್ನಿಸುತ್ತೀರಿ ಮತ್ತು ಎಷ್ಟು, ಮೆಲುಕು ಹಾಕುತ್ತದೆಯೇ, ಸಗಣಿ ಹೇಗಿದೆ, ಈಗಾಗಲೇ ಯಾವ ಔಷಧಿ ಕೊಟ್ಟಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಕಿವಿಯಲ್ಲಿರುವ ಹಳದಿ ಬಿಲ್ಲೆಯ 12 ಅಂಕಿಯ ಫೋಟೋ ಕಳಿಸಿದರೆ ಯಾವ ದನ ಎಂಬ ಗೊಂದಲವೂ ಇರುವುದಿಲ್ಲ. ಹಾಲು ಇಳಿದಿದ್ದರೆ ಫೋನು ಹಿಡಿಯುವ ಮೊದಲು ನಾಲ್ಕೂ ಮೊಲೆಗಳಿಂದ ಮೊದಲ ಧಾರೆಯನ್ನು ಕರಿ ಬಟ್ಟೆಯ ಮೇಲೆ ಹಿಂಡಿ ನೋಡಿರಿ. ಗಡ್ಡೆ, ನೀರುನೀರು, ರಕ್ತದ ಬಣ್ಣ ಕಂಡರೆ ಸಲಹೆಗೆ ಕಾಯಬಾರದು, ಅಂದೇ ವೈದ್ಯರನ್ನು ಕರೆಯಿಸಬೇಕು.

ಜಂತಿನ ಔಷಧಿ ಎಷ್ಟು ಎಂದು ಕೇಳುವವರು ತೂಕ ಹೇಳಬೇಕು. ತಕ್ಕಡಿ ಬೇಡ, ಬಟ್ಟೆ ಹೊಲಿಯುವ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು ನೋಡಿರಿ. ಹೆಗಲ ಮುಂದಿನ ಎಲುಬಿನಿಂದ ಬಾಲದ ಪಕ್ಕದ ಎಲುಬಿನವರೆಗೆ ಉದ್ದ ನೋಡಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಸುಮಾರಾಗಿ ಸಿಗುತ್ತದೆ. ಸುತ್ತಳತೆ 72, ಉದ್ದ 55 ಇದ್ದರೆ 432 ಕಿಲೋ. ಟೇಪು ಸಾಲದಿದ್ದರೆ ಹಗ್ಗ ಸುತ್ತಿ ಹಗ್ಗವನ್ನು ಅಳೆಯಿರಿ. ಶಾಲೆಗೆ ಹೋಗುವ ಮಗಳ ಕೈಲಿ ಲೆಕ್ಕ ಹಾಕಿಸಿರಿ, ಖುಷಿಯಿಂದ ಮಾಡುತ್ತಾಳೆ.

ಯಾವ ಸಲಹೆ ಎಲ್ಲರಿಗೂ ಹೊಂದುತ್ತದೆ, ಯಾವುದು ಹೊಂದುವುದಿಲ್ಲ? ನೀರು, ನೆರಳು, ಗ್ವಾದಲಿಯ ಸ್ವಚ್ಛತೆ, ಲಸಿಕೆ, ಬೆದೆಯ ಲೆಕ್ಕ, ಇವು ಎಲ್ಲರ ಮನೆಗೂ ಸೇರಿದವು. ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬುದೂ ಹಾಗೆಯೇ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ರಾತ್ರಿ ಹೊತ್ತು, ಸದ್ದಿಲ್ಲದೆ ಬರುತ್ತದೆ ಎಂಬುದನ್ನು ಗುಂಪಿನ ಹಿರಿಯ ತಾಯಂದಿರೇ ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ಸೂಜಿ, ಆಂಟಿಬಯೋಟಿಕ್, ಅದರ ಪ್ರಮಾಣ ಮಾತ್ರ ಆ ಒಂದು ದನಕ್ಕೆ ಸೇರಿದ್ದು. ಬಾಟಲಿಯ ಫೋಟೋ ನೋಡಿ ಅಂಗಡಿಯಿಂದ ತರಬೇಡಿ. ಆ ಔಷಧಿ ಕೊಟ್ಟ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು.

ಇತ್ತೀಚೆಗೆ ವ್ಯಾಪಾರದ ಪ್ರಶ್ನೆಗಳೂ ಬರುತ್ತಿವೆ. ಸೇಡಂ ಕಡೆಯ ಒಂದು ಸ್ವಸಹಾಯ ಗುಂಪು ಖೋವಾ ಮಾಡಿ ಮಾರಬಹುದೇ ಎಂದು ಕೇಳಿತು. ನಾನು ದನದ ಡಾಕ್ಟರು, ಖೋವಾದ ತಜ್ಞನಲ್ಲ. ನಮ್ಮ ಜಿಲ್ಲೆಯಲ್ಲೇ ಮಹಾಗಾಂವ್ ಕ್ರಾಸ್‌ನಲ್ಲಿ ಡೇರಿ ವಿಜ್ಞಾನ ಕಾಲೇಜು ಇದೆ, ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಂಥ ಕಡೆಯ ಒಬ್ಬ ತಜ್ಞರು ಡೇರಿಯ ಮೇಜಿನ ಮೇಲಿಟ್ಟ ಒಂದೇ ಫೋನಿನ ವಿಡಿಯೋದಲ್ಲಿ ಅರ್ಧ ಗಂಟೆ ಮಾತಾಡಿದರೆ ಹತ್ತು ಮಂದಿಯ ಬಸ್ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. ಆದರೆ ಅಲ್ಲಿಯೂ ನಿಮ್ಮ ಲೆಕ್ಕ ಕೈಯಲ್ಲಿರಲಿ. 1 ಕಿಲೋ ಖೋವಾಕ್ಕೆ ಸುಮಾರು ನಾಲ್ಕೂವರೆ ಲೀಟರ್ ಎಮ್ಮೆ ಹಾಲು ಬೇಕು. ಅಷ್ಟು ಹಾಲಿಗೆ ಡೇರಿಯಲ್ಲಿ ಸಿಗುವ ಹಣ, ಸರ್ಕಾರದ ಪ್ರೋತ್ಸಾಹಧನ, ಉರುವಲು, ನಿಮ್ಮ ಕೂಲಿ, ಎಲ್ಲ ಸೇರಿಸಿರಿ. ಅದಕ್ಕಿಂತ ಹೆಚ್ಚಿಗೆ ಮಾರಲಾದರೆ ಮಾತ್ರ ಒಲೆ ಹಚ್ಚಿರಿ. ಆ ಗುಂಪು ಲೆಕ್ಕ ಹಾಕಿ, ದಿನಾ ಬೇಡ, ಜಾತ್ರೆ ಹಬ್ಬದ ವಾರಗಳಲ್ಲಿ ಮಾತ್ರ ಮಾಡುತ್ತೇವೆ ಎಂದು ನಿರ್ಧರಿಸಿತು. ನನಗೂ ಅದೇ ಸರಿ ಅನ್ನಿಸಿತು. ಸಣ್ಣದಾಗಿ ಮಾಡಿದರೂ ಆಹಾರ ಸುರಕ್ಷತಾ ನೋಂದಣಿ ಬೇಕು, ಮರೆಯಬೇಡಿ.

ಗುಂಪಿಲ್ಲದ ಊರಿನವರು 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಹೇಳಬಹುದು. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಂದ ಇ-ಗೋಪಾಲ ಆ್ಯಪ್‌ನಲ್ಲಿ, ಮನೆಯಲ್ಲಿರುವ ಮೇವಿನಿಂದಲೇ ಕಡಿಮೆ ಖರ್ಚಿನ ಆಹಾರ ಹೊಂದಿಸುವ ಲೆಕ್ಕವೂ ಸಿಗುತ್ತದೆ. ಹೊಟ್ಟೆ ಉಬ್ಬರ, ಕರು ಅಡ್ಡಬಿದ್ದದ್ದು, ಗರ್ಭಕೋಶ ಹೊರಬಂದದ್ದು, ಹಾವು ಕಡಿದದ್ದು, ಇವಕ್ಕೆ ಗುಂಪಿನಲ್ಲಿ ಬರೆದು ಕೂರಬೇಡಿ, ನೇರ ಕರೆ ಮಾಡಿರಿ.

ಫೋನು ಗಂಡನ ಅಥವಾ ಮಗನ ಜೇಬಿನಲ್ಲಿರುತ್ತದೆ, ನಮ್ಮ ಕೈಗೆ ಸಿಗುವುದೇ ರಾತ್ರಿ ಎಂದು ಬಹಳ ಮಂದಿ ಹೇಳಿದ್ದೀರಿ. ರಾತ್ರಿಯೇ ಕಳಿಸಿರಿ. ಬರೆಯಲು ಬಾರದಿದ್ದರೆ ನಿಮ್ಮ ಮಾತಿನಲ್ಲೇ ರೆಕಾರ್ಡ್ ಮಾಡಿರಿ. ಮುಂಜಾನೆ ಗಾಡಿ ಹತ್ತುವ ಮೊದಲು ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಗಾಡಿಯ ಮೇಲೆ ಕೂತು ಉತ್ತರ ಹಾಕುವುದನ್ನು ಬಿಟ್ಟಿದ್ದೇನೆ.