ಡೆಸ್ಕ್‌ಟಾಪ್ ಸೆಟ್ಟಿಂಗ್ ಹೋಯಿತೇ? ಫಾರ್ಮ್ಯಾಟ್ ಮಾಡುವ ಮುನ್ನ ಇಷ್ಟು ನೋಡಿ

ಉಬುಂಟು ಸಿಸ್ಟಮ್‌ಗೆ ಲಾಗಿನ್ ಆಗುತ್ತೀರಿ. ನಿನ್ನೆ ಇಟ್ಟಿದ್ದ ವಾಲ್‌ಪೇಪರ್ ಇಲ್ಲ, ಎಡಗಡೆಯ ಪಟ್ಟಿಗೆ ಸೇರಿಸಿಕೊಂಡಿದ್ದ ಐಕಾನ್‌ಗಳಿಲ್ಲ, ಕನ್ನಡ ಮತ್ತು ಉರ್ದು ಕೀಬೋರ್ಡ್ ಎರಡೂ ಮಾಯವಾಗಿವೆ. ಆಗ ಪಕ್ಕದ ಸೀಟಿನಿಂದ ಬರುವ ಸಲಹೆ ಹೆಚ್ಚಾಗಿ ಒಂದೇ: "ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡು." ಹೋಗಿರುವುದು ಬರೀ ಸೆಟ್ಟಿಂಗ್, ಈ ಸಲಹೆ ಕೇಳಿದರೆ ಪ್ರಾಜೆಕ್ಟ್ ಮತ್ತು ವರ್ಷವಿಡೀ ಬರೆದ ಪೈಥಾನ್ ಪ್ರೋಗ್ರಾಂಗಳೂ ಜೊತೆಗೇ ಹೋಗುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಗೆ ಮುನ್ನ ಇದು ಯಾರಿಗೂ ಬೇಡ. ಬಹಳಷ್ಟು ಸಂದರ್ಭಗಳಲ್ಲಿ ಫಾರ್ಮ್ಯಾಟ್‌ನ ಅಗತ್ಯವೇ ಇರುವುದಿಲ್ಲ.

ಮೊದಲು ಸೆಟ್ಟಿಂಗ್‌ಗಳು ಎಲ್ಲಿರುತ್ತವೆ ಎಂದು ತಿಳಿಯೋಣ. ಲಿನಕ್ಸ್‌ನಲ್ಲಿ ನಿಮ್ಮ ವೈಯಕ್ತಿಕ ಆಯ್ಕೆಗಳೆಲ್ಲ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಸಾಧಾರಣ ಫೈಲ್‌ಗಳಾಗಿ ಕುಳಿತಿರುತ್ತವೆ. ಆ ಫೈಲ್, ಫೋಲ್ಡರ್‌ಗಳ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಮ್ಯಾನೇಜರ್ ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಎಲ್ಲವೂ ಹೊರಬರುತ್ತವೆ. (ಈ ಅಡಗುವಿಕೆ ಯಾರೋ ಯೋಚಿಸಿ ಮಾಡಿದ್ದಲ್ಲವಂತೆ. ಪಟ್ಟಿಯಲ್ಲಿ ಒಂಟಿ ಚುಕ್ಕಿ, ಜೋಡಿ ಚುಕ್ಕಿ ಎಂಬ ಎರಡು ಹೆಸರುಗಳನ್ನು ಬಿಡಲು ಯುನಿಕ್ಸ್‌ನ ಆರಂಭದ ದಿನಗಳಲ್ಲಿ ಮಾಡಿದ ಅಡ್ಡದಾರಿಯಿಂದ ಚುಕ್ಕಿಯ ಹೆಸರುಗಳೆಲ್ಲ ಅಡಗಿದವು ಎಂದು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಬರೆದಿದ್ದಾರೆ.) ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ತನ್ನ ಹೆಚ್ಚಿನ ಆಯ್ಕೆಗಳನ್ನು .ಕಾನ್ಫಿಗ್ ಫೋಲ್ಡರ್ ಒಳಗಿನ ಡಿಕಾನ್ಫ್ ಫೋಲ್ಡರ್‌ನಲ್ಲಿ ಯೂಸರ್ ಎಂಬ ಒಂದೇ ಫೈಲಿಗೆ ಬರೆಯುತ್ತದೆ. ಐಕಾನ್ ಪಟ್ಟಿ, ವಾಲ್‌ಪೇಪರ್, ಕೀಬೋರ್ಡ್ ಮೂರೂ ಒಟ್ಟಿಗೆ ಮಾಯವಾಗುವುದು ಈ ಕಾರಣಕ್ಕೇ. ಕೆಡಿಇ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗಳು ಹೀಗಲ್ಲ, ಅವು.ಕಾನ್ಫಿಗ್ ಒಳಗೆ ಓದಲು ಬರುವಂಥ ಹಲವು ಬೇರೆ ಬೇರೆ ಫೈಲ್‌ಗಳನ್ನು ಇಡುತ್ತವೆ.

ಈಗ ಒಂದು ಸಣ್ಣ ಪರೀಕ್ಷೆ. ವಾಲ್‌ಪೇಪರ್ ಬದಲಿಸಿ, ಲಾಗ್‌ಔಟ್ ಆಗಿ, ಮತ್ತೆ ಲಾಗಿನ್ ಆಗಿ. ಹೊಸ ವಾಲ್‌ಪೇಪರ್ ಉಳಿದಿದ್ದರೆ ಸಿಸ್ಟಮ್ ಬರೆಯುತ್ತಿದೆ, ಹಳೆಯದು ಮಾತ್ರ ಎಲ್ಲೋ ಕಳೆದಿದೆ ಎಂದರ್ಥ. ಉಳಿಯದಿದ್ದರೆ ಸಿಸ್ಟಮ್‌ಗೆ ಬರೆಯಲು ಆಗುತ್ತಿಲ್ಲ. ಮುಂದಿನ ದಾರಿ ಇಲ್ಲಿಂದಲೇ ಬೇರೆಯಾಗುತ್ತದೆ.

ಬರೆಯಲು ಆಗದಿರುವುದಕ್ಕೆ ನೋಡಬೇಕಾದ ಮೊದಲ ಕಾರಣ ಡಿಸ್ಕ್ ತುಂಬಿರುವುದು. ಟರ್ಮಿನಲ್ ತೆರೆದು 'ಡಿಎಫ್ -ಎಚ್' ಎಂದು ಕೊಡಿ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.) ಹೋಮ್ ಇರುವ ಸಾಲಿನಲ್ಲಿ 100% ಎಂದಿದ್ದರೆ ಕಾರಣ ಸಿಕ್ಕಿತು. ಇಲ್ಲಿ ಹಲವರಿಗೆ ಗೊಂದಲವಾಗುತ್ತದೆ: ಒಟ್ಟು ಅಳತೆಯಲ್ಲಿ ಬಳಕೆಯಾದದ್ದನ್ನು ಕಳೆದರೆ ಇನ್ನೂ ಜಾಗ ಉಳಿದಂತೆ ಕಾಣುತ್ತದೆ, ಆದರೆ ನಿಮಗೆ ಸಿಗುವುದು ಸೊನ್ನೆ. ಉಬುಂಟು ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆ ಅಂದರೆ ಆಡಳಿತದ ಖಾತೆಗೆ ಮೀಸಲಿಟ್ಟಿರುತ್ತದೆ. 100 ಜಿಬಿ ಡಿಸ್ಕಿನಲ್ಲಿ ಸುಮಾರು 5 ಜಿಬಿ ನಿಮಗೆ ದಕ್ಕುವುದಿಲ್ಲ.

ಕಸದ ಬುಟ್ಟಿಯನ್ನು ಖಾಲಿ ಮಾಡಿ. ಅಳಿಸಿದ ಸಿನಿಮಾ ಅಲ್ಲೇ ಕುಳಿತಿರುತ್ತದೆ. .ಕ್ಯಾಶ್ ಫೋಲ್ಡರ್ ಒಳಗಿನದನ್ನು ಅಳಿಸಬಹುದು, ಪ್ರೋಗ್ರಾಂಗಳು ಬೇಕಾದುದನ್ನು ಮತ್ತೆ ಮಾಡಿಕೊಳ್ಳುತ್ತವೆ. ಅದೇ ಧೈರ್ಯದಲ್ಲಿ .ಲೋಕಲ್, .ಕಾನ್ಫಿಗ್, ಸ್ನ್ಯಾಪ್ ಎಂಬ ಫೋಲ್ಡರ್‌ಗಳಿಗೆ ಕೈ ಹಾಕಬೇಡಿ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬರುತ್ತದೆ. ನಿಮ್ಮ ಬುಕ್‌ಮಾರ್ಕ್‌ಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು ಆ ಸ್ನ್ಯಾಪ್ ಫೋಲ್ಡರ್ ಒಳಗಿರುತ್ತವೆ. ಡಿಸ್ಕ್ ಪೂರ್ತಿ ತುಂಬಿ ಲಾಗಿನ್ ಪರದೆಗೇ ಮತ್ತೆ ಮತ್ತೆ ಬರುತ್ತಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ಜಾಗ ಮಾಡಬಹುದು.

ಜಾಗ ಇದ್ದೂ ಉಳಿಯುತ್ತಿಲ್ಲವೆಂದರೆ ಫೈಲುಗಳ ಒಡೆತನ ನೋಡಿ. 'ಎಲ್ಎಸ್ -ಎಲ್ಎ' ಎಂದು ಕೊಟ್ಟರೆ ಪ್ರತಿ ಸಾಲಿನಲ್ಲೂ ಒಡೆಯನ ಹೆಸರು ಬರುತ್ತದೆ. .ಕಾನ್ಫಿಗ್ ಅಥವಾ ಅದರೊಳಗಿನ ಡಿಕಾನ್ಫ್ ಎದುರು ನಿಮ್ಮ ಹೆಸರಿನ ಬದಲು ರೂಟ್ ಎಂದಿದ್ದರೆ, ನಿಮ್ಮದೇ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ನಿಮಗಿಲ್ಲ. ಇದು ತಾನಾಗಿ ಆಗುವುದಿಲ್ಲ. ಯಾರೋ ಎಡಿಟರನ್ನೋ ಫೈಲ್ ಮ್ಯಾನೇಜರನ್ನೋ 'ಸುಡೊ' ಸೇರಿಸಿ ತೆರೆದಿರುತ್ತಾರೆ. ಆ ಪ್ರೋಗ್ರಾಂ ರೂಟ್ ಹೆಸರಿನಲ್ಲಿ ನಿಮ್ಮ ಹೋಮ್‌ನಲ್ಲಿ ಫೈಲ್ ಬರೆದು ಹೋಗಿರುತ್ತದೆ. ಸ್ವಂತ ಲ್ಯಾಪ್‌ಟಾಪ್ ಆದರೆ 'ಸುಡೊ ಚೋನ್ -ಆರ್' (ಇದರಲ್ಲಿ ಆರ್ ಮಾತ್ರ ದೊಡ್ಡಕ್ಷರ), ನಂತರ ನಿಮ್ಮ ಬಳಕೆದಾರ ಹೆಸರು, ನಂತರ .ಕಾನ್ಫಿಗ್ ಫೋಲ್ಡರಿನ ದಾರಿ ಕೊಟ್ಟರೆ ಒಡೆತನ ಮರಳಿ ಬರುತ್ತದೆ. ದಾರಿ ಬರೆಯುವಾಗ ಎರಡು ಬಾರಿ ಓದಿ. ಬರೀ ಓರೆಗೆರೆ ಕೊಟ್ಟು ಎಂಟರ್ ಒತ್ತಿದರೆ ಇಡೀ ಸಿಸ್ಟಮ್ ಕೆಡುತ್ತದೆ. ಲ್ಯಾಬಿನಲ್ಲಾದರೆ ಲ್ಯಾಬ್ ಸರ್ ಅಥವಾ ಮೇಡಂಗೆ ಹೇಳಿ. "ಎಲ್ಲದಕ್ಕೂ 777 ಕೊಟ್ಟುಬಿಡು" ಎನ್ನುವವರ ಮಾತು ಕೇಳಬೇಡಿ. ಹಾಗೆ ಮಾಡಿದರೆ ಅದೇ ಸಿಸ್ಟಮ್ ಬಳಸುವ ಬೇರೆಯವರೂ ನಿಮ್ಮ ಫೈಲ್ ಓದಬಹುದು, ತಿದ್ದಬಹುದು, ಅಳಿಸಬಹುದು.

ಮೂರನೆಯದೊಂದಿದೆ, ಅಪರೂಪ ಆದರೆ ಗಂಭೀರ. ಏನೇ ಬರೆಯಲು ಹೋದರೂ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂಬ ಸಂದೇಶ ಬಂದರೆ, ದೋಷ ಕಂಡು ಲಿನಕ್ಸ್ ತಾನೇ ಬರೆಯುವುದನ್ನು ನಿಲ್ಲಿಸಿರಬಹುದು. ಹಾರ್ಡ್‌ಡಿಸ್ಕ್ ಸಾಯುತ್ತಿರುವ ಸೂಚನೆಯೂ ಆಗಿರಬಹುದು. ಆಗ ಸೆಟ್ಟಿಂಗ್ ಮರೆತು ಮೊದಲು ಪ್ರಾಜೆಕ್ಟ್‌ನ ಪ್ರತಿ ತೆಗೆದುಕೊಳ್ಳಿ.

ಪರೀಕ್ಷೆಯಲ್ಲಿ ಹೊಸ ವಾಲ್‌ಪೇಪರ್ ಉಳಿದವರು ಲಾಗಿನ್ ಪರದೆ ನೋಡಿ. ಹೆಸರು ಆರಿಸಿದ ಮೇಲೆ ಕೆಳಗಡೆ ಮೂಲೆಯಲ್ಲಿ ಹಲ್ಲಿನ ಚಕ್ರದ ಚಿಹ್ನೆ ಇರುತ್ತದೆ. ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್ ಇರುವ ಸಿಸ್ಟಮ್‌ನಲ್ಲಿ ಅಲ್ಲಿ ಬೇರೆಯದು ಆಯ್ಕೆಯಾಗಿದ್ದರೆ ನೀವು ಬೇರೆ ಮನೆಗೇ ಹೊಕ್ಕಂತೆ. ಹಳೆಯದನ್ನು ಆರಿಸಿದರೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಪೆನ್‌ಡ್ರೈವ್‌ನಿಂದ ನಡೆಸುವ ಲೈವ್ ಉಬುಂಟುವಿನಲ್ಲಂತೂ, ಬೇರೆ ಏರ್ಪಾಡು ಮಾಡದ ಹೊರತು, ಆಫ್ ಮಾಡಿದೊಡನೆ ಏನೂ ಉಳಿಯುವುದಿಲ್ಲ.

ಅಲ್ಲೂ ಸರಿ ಇದ್ದರೆ ಡಿಕಾನ್ಫ್ ಫೈಲೇ ಕೆಟ್ಟಿರಬಹುದು. ಕರೆಂಟ್ ಹೋಗಿ ಸಿಸ್ಟಮ್ ಏಕಾಏಕಿ ಆಫ್ ಆದಾಗ ಹೀಗಾಗುವುದುಂಟು. ಆಗಲೂ ಅಳಿಸಬೇಡಿ, ಹೆಸರು ಬದಲಿಸಿ. ಡೆಸ್ಕ್‌ಟಾಪ್‌ನಿಂದ ಲಾಗ್‌ಔಟ್ ಆಗಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಯೂಸರ್ ಎಂಬ ಫೈಲನ್ನು ಯೂಸರ್-ಹಳೆಯದು ಎಂಬಂಥ ಹೆಸರಿಗೆ 'ಎಂವಿ' ಮಾಡಿ. ಮತ್ತೆ ಡೆಸ್ಕ್‌ಟಾಪ್‌ಗೆ ಬಂದರೆ ಗ್ನೋಮ್ ಹೊಸ ಫೈಲ್ ಮಾಡಿಕೊಳ್ಳುತ್ತದೆ. ಕೀಬೋರ್ಡ್‌ಗಳನ್ನು ಮತ್ತೆ ಸೇರಿಸಲು ಐದು ನಿಮಿಷ ಸಾಕು. ಪ್ರಾಜೆಕ್ಟ್ ಬೇರೆ ಫೋಲ್ಡರ್‌ನಲ್ಲಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ.

ಎಲ್ಲ ಸರಿ ಇರುವ ದಿನವೇ 'ಡಿಕಾನ್ಫ್ ಡಂಪ್ / > ಪ್ರತಿ' ಎಂದು ಕೊಟ್ಟರೆ ನಿಮ್ಮ ಆಯ್ಕೆಗಳೆಲ್ಲ ಓದಬಲ್ಲ ಪಠ್ಯವಾಗಿ ಪ್ರತಿ ಎಂಬ ಫೈಲಿನಲ್ಲಿ ಬೀಳುತ್ತವೆ. ಮುಂದೆ ಬೇಕಾದಾಗ 'ಡಿಕಾನ್ಫ್ ಲೋಡ್ / < ಪ್ರತಿ' ಎಂದರೆ ಮರಳಿ ಬರುತ್ತವೆ. ಆಜ್ಞೆ ಇಲ್ಲವೆಂದು ಹೇಳಿದರೆ 'ಡಿಕಾನ್ಫ್-ಸಿಎಲ್ಐ' ಪ್ಯಾಕೇಜ್ ಹಾಕಿಕೊಳ್ಳಬೇಕು. ಇಡೀ .ಕಾನ್ಫಿಗ್ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಒಯ್ಯುವುದಾದರೆ ಹಾಗೇ ನಕಲು ಮಾಡಬೇಡಿ, ಮೊದಲು ಟಾರ್ ಆಗಿ ಕಟ್ಟಿಕೊಳ್ಳಿ. ಸಾಮಾನ್ಯ ಪೆನ್‌ಡ್ರೈವ್‌ಗಳ ಫ್ಯಾಟ್32 ಫೈಲ್ ಸಿಸ್ಟಮ್ ಲಿನಕ್ಸ್‌ನ ಒಡೆತನ ಮತ್ತು ಅನುಮತಿಗಳನ್ನು ಉಳಿಸಿಕೊಳ್ಳುವುದಿಲ್ಲ. ಟಾರ್ ಕಟ್ಟಿನೊಳಗೆ ಅವು ಹಾಗೇ ಇರುತ್ತವೆ.